ಪಿಕಪ್ ತೊಟ್ಟಿಯ ಹಾಸು

ಭೀಮಾ ನದಿಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿ ಪವಾಡಗಳೇನೂ ನಡೆದಿಲ್ಲ. ಗುರು ಅಡವಯ್ಯ ಮೊದಲು ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದವರು. ಉಪದೇಶ ಕೇಳಲು ಬಂದವರಿಗೆ ಹೆಚ್ಚಾಗಿ ಊಟ ಹಾಕಿ ಕಳಿಸುತ್ತಿದ್ದರು.

ಶಿಷ್ಯ ರೇವಪ್ಪ ಪಿಕಪ್ ಗಾಡಿಯ ಸಮೇತ ಬಂದವನು. ಅದರಲ್ಲಿ ಅವನೂ ತಮ್ಮ ಭೀಮಾಶಿಯೂ ಹಾಸುಗಲ್ಲು ಸಾಗಿಸುತ್ತಿದ್ದರು. ತಮ್ಮ ತೀರಿಕೊಂಡ ಮೇಲೆ ಗಾಡಿಯನ್ನು ಆಶ್ರಮಕ್ಕೆ ಕೊಟ್ಟು ತಾನೂ ಅಲ್ಲೇ ಉಳಿದ. ತಮ್ಮ ಹೇಗೆ ಹೋದನೆಂದು ಅವನು ಹೇಳಲಿಲ್ಲ. ಗುರು ಕೇಳಲಿಲ್ಲ.

ದಾಸೋಹಕ್ಕೆ ಜೋಳ ತರಬೇಕಾಯಿತು. ಮೊದಲು ಗಾಡಿಯ ಹಿಂಬದಿಯ ತೊಟ್ಟಿಗೆ ರಬ್ಬರ್ ಹಾಸು ಹಾಕಬೇಕು ಎಂದ ರೇವಪ್ಪ.

"ಕಲ್ಲು ಹೊತ್ತ ಗಾಡಿಗೆ ಜೋಳ ಚುಚ್ಚತದೇನು?" ಎಂದರು ಗುರು.

ರೇವಪ್ಪ ನಗಲಿಲ್ಲ. ಹಾಗಾದರೆ ಹಾಕು ಎಂದು ಹೇಳಿ ಅವರು ಪಕ್ಕದೂರಿಗೆ ಹೋದರು.

ರೇವಪ್ಪ ತೊಟ್ಟಿಗೆ ದೇವರಿಗೆ ಮಾಡುವಂತೆ ಹೊಳೆಯ ನೀರಿನ ಅಭಿಷೇಕ ಮಾಡಿದ. ವಿಭೂತಿ ಹಚ್ಚಿ, ಅಲ್ಲೇ ತೆಂಗಿನಕಾಯಿ ಒಡೆದ. ಒಣಗುವ ಮೊದಲೇ ದಪ್ಪ ರಬ್ಬರ್ ಹಾಸಿ, ಅಂಚಿಗೆಲ್ಲ ಅಂಟು ಬಳಿದ. ನೀರು ಇಳಿದುಹೋಗಲು ಮೂಲೆಗಳಲ್ಲಿದ್ದ ತೂತುಗಳೂ ಮುಚ್ಚಿಹೋದವು.

ಜೋಳ ಬಂತು, ಸೌದೆ ಬಂತು. ಮನುಷ್ಯರನ್ನು ಮಾತ್ರ ಅವನು ಹಿಂದೆ ಹತ್ತಿಸುತ್ತಿರಲಿಲ್ಲ. ನೋವು ಶುರುವಾದ ಬಸುರಿಯೊಬ್ಬಳು ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಹೋಗಬೇಕಾಯಿತು. ಊರವರು ಬೈದರು.

ಎರಡು ತಿಂಗಳ ನಂತರ ಬ್ರೇಕ್ ಹಾಕಿದಾಗಲೆಲ್ಲ ತೊಟ್ಟಿಯಲ್ಲಿ ನೀರು ಕುಲುಕಿದ ಸದ್ದು. ಗುರು ಹಾಸಿನ ಒಂದು ಮೂಲೆ ಕಿತ್ತರು. ಕೆಳಗೆ ಕೆಂಪು ನೀರು, ಹುಳಿತ ತೆಂಗಿನ ವಾಸನೆ. ತಗಡಿಗೆ ತುಕ್ಕು ಹಿಡಿದಿತ್ತು.

"ಪೂಜೆ ನೀನು ಮಾಡಿದಿ, ಪ್ರಸಾದ ತುಕ್ಕಿಗೆ ಸಿಕ್ತು," ಎಂದರು. ಪೂರ್ತಿ ಕಿತ್ತು ಬಿಸಿಲಿಗೆ ಒಣಗಿಸು ಎಂದರು.

ಮೂರು ದಿನ ತೊಟ್ಟಿ ಬರಿಮೈಯಲ್ಲಿ ನಿಂತಿತು. ರೇವಪ್ಪ ಆ ಕಡೆ ಮುಖ ಮಾಡಲಿಲ್ಲ. ಮೂರನೆಯ ಸಂಜೆ ಗುರು ತುಕ್ಕು ಉಜ್ಜುತ್ತ ಕೂತಿದ್ದಾಗ ಬಂದು ನೆಲದ ಮೇಲೆ ಕೂತು, ತಾನಾಗಿಯೇ ಹೇಳಿದ. ಭೀಮಾಶಿಗೆ ಹೊಟ್ಟೆನೋವು ಎದ್ದಿತ್ತು. ಈ ತೊಟ್ಟಿಯಲ್ಲೇ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದ್ದ. ಕೆಳಗೆ ಒಂದು ಕಂಬಳಿ ಅಷ್ಟೇ, ಅದರಡಿ ತಗಡಿನ ಏಣುಗಳು.

"ಯಣ್ಣಾ, ಸಾವಕಾಶ ಅಂತ ಕೂಗಿದಾ ಅಪ್ಪಾರ. ಎರಡ ಸಲ. ನಾ ಇನ್ನೂ ಜೋರ ಹೊಡದೆ. ಆಸ್ಪತ್ರಿ ಮುಟ್ಟಿ ಇಳದು ನೋಡಿದರ, ಉಸರ ಇರಲಿಲ್ಲ."

ಗುರು ಉಜ್ಜುವುದನ್ನು ನಿಲ್ಲಿಸಿದರು.

"ಅವತ್ತ ಈ ರಬ್ಬರ್ ಇದ್ದಿದ್ದರ..." ಎಂದ ರೇವಪ್ಪ.

"ತಲಿ ಯಾವ ಕಡೆ ಇತ್ತು?"

"ಹಿಂಬಾಗಿಲ ಕಡೆ. ಅಂಗಿ ಮಡಚಿ ತಲಿಗಿಟ್ಟಿದ್ದೆ."

ಗುರು ತೊಟ್ಟಿ ಹತ್ತಿದರು. ಹೊದ್ದ ಶಾಲು ಮಡಚಿ ಹಿಂಬಾಗಿಲ ಬಳಿ ಇಟ್ಟು, ಬರಿ ತಗಡಿನ ಮೇಲೆ ಮಲಗಿದರು. ಅವರಿಗೆ ಎಪ್ಪತ್ತೆರಡು ವರ್ಷ.

"ಹೊಡಿ. ಅವತ್ತ ಹೊಡದಂಗ."

ರೇವಪ್ಪ ಆಗುವುದಿಲ್ಲ ಎಂದ. ಗುರು ಏಳಲಿಲ್ಲ. ಕೊನೆಗೆ ಅವನೇ ಎದ್ದು ಗಾಡಿ ಹತ್ತಿದ.

ಆಸ್ಪತ್ರೆಯವರೆಗೆ ಹನ್ನೆರಡು ಕಿಲೋಮೀಟರ್, ಬಹುಪಾಲು ಗುಂಡಿ. ಗೇಟಿನ ಮುಂದೆ ಗಾಡಿ ನಿಂತಿತು. ರೇವಪ್ಪ ಸ್ಟಿಯರಿಂಗ್ ಹಿಡಿದೇ ಕೂತಿದ್ದ, ಹಿಂದೆ ಹೋಗಿ ನೋಡುವ ಧೈರ್ಯವಿಲ್ಲದೆ.

ಗುರುವೇ ಸೊಂಟ ಹಿಡಿದುಕೊಂಡು ಇಳಿದು, ಅವನ ಕಿಟಕಿಯ ಬಳಿ ಬಂದರು.

"ಬೆನ್ನು ನೋಯತದ, ಸುಳ್ಳು ಯಾಕ ಹೇಳಲಿ. ನಾಳೆ ರಬ್ಬರ್ ಹಾಸು, ತೂತು ಮುಚ್ಚಬ್ಯಾಡ."

ಉಸಿರು ಎಳೆದುಕೊಂಡರು. ಕಿಟಕಿಯೊಳಗೆ ಕೈ ಹಾಕಿ ಅವನ ತಲೆಯ ಮೇಲಿಟ್ಟರು.

"ಅಲ್ಲಿ ಮಲಗಿದವಗ ದಾರಿಯುದ್ದಕ್ಕೂ ನಿನ್ನ ಸೀಟಿನ ಹಿಂದಿನ ಗಾಜಿನಾಗ ನಿನ್ನ ತಲಿ ಕಾಣತಿರತದ, ರೇವಪ್ಪ."