ಗುಟುಕು ಉಸಿರು

ಫ್ಲೂ ಜ್ವರ ನ್ಯುಮೋನಿಯಾಕ್ಕೆ ತಿರುಗಿ, ಶಹನಾಯಿ ಊದುವ ಶಿವಪುತ್ರಪ್ಪ ಭಜಂತ್ರಿ ಐಸಿಯುನಲ್ಲಿ ಮಲಗಿದ್ದ. ಅವನ ಶ್ವಾಸಕೋಶ ವೆಂಟಿಲೇಟರನ್ನು ಬೈಯಿತು: "ಜಿಪುಣ! ಬರೀ ಗುಟುಕು ಗುಟುಕು ಕೊಡುತ್ತೀಯಲ್ಲ. ಒಂದೇ ಒಂದು ಸಲ ಎದೆ ತುಂಬ ಉಸಿರು ಕೊಡು. ಮದುವೆ ಮನೆಯಲ್ಲಿ ಎಷ್ಟು ಉದ್ದ ಊದುತ್ತಿದ್ದೆ, ಗೊತ್ತೇನು?"

ವೆಂಟಿಲೇಟರ್ ಕೇಳಿತು: "ಶಹನಾಯಿಯ ತುದಿಯಲ್ಲಿ ಬಾಯಿಟ್ಟು ಊದುವ ತೆಳು ಗರಿ ಒಣಗಿದ್ದಾಗ ನಿನ್ನ ಒಡೆಯ ಜೋರಾಗಿ ಊದುತ್ತಾನೆಯೇ?"

"ಛೇ, ಸೀಳಿಹೋಗುತ್ತದೆ! ಬಾಯಲ್ಲಿಟ್ಟು ನೆನೆಸಿ, ಹದಕ್ಕೆ ಬಂದ ಮೇಲೆಯೇ ಊದುತ್ತಾನೆ."

"ಈಗ ನೀನೂ ಹದ ತಪ್ಪಿದ್ದೀಯ. ಎದೆ ತುಂಬ ಕೊಟ್ಟರೆ ಸೀಳಿಹೋಗುತ್ತೀಯ."

ಶ್ವಾಸಕೋಶ ಮೆತ್ತಗಾಯಿತು. "ಹದಕ್ಕೆ ಬಂದ ದಿನ ನಿನಗೇ ಮೊದಲು ಊದಿ ಕೇಳಿಸುತ್ತೇನೆ."

"ಕೇಳುವ ಆಸೆ ನನಗೂ ಇದೆ. ಆದರೆ ನೀನು ಊದುವ ಹೊತ್ತಿಗೆ ನಾನು ಇನ್ಯಾರದೋ ಎದೆಗೆ ಉಸಿರು ಕೊಡುತ್ತಿರುತ್ತೇನೆ," ಎಂದ ವೆಂಟಿಲೇಟರ್ ಮತ್ತೊಂದು ಗುಟುಕು ಕೊಟ್ಟಿತು.