ಗುರುಮಲ್ಲ ಜೀರೋ ದೀಪ ತಂದದ್ದು

ಇದು ನಡೆದದ್ದು ಹೋದ ಕಾರ್ತಿಕದಲ್ಲಿ, ಹುಣ್ಣಿಮೆ ಕಳೆದ ವಾರ.

ಯಳಂದೂರಿನಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಗುರುಮಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅವಳ ಕಷ್ಟವೆಲ್ಲ ಅದೇ.

ಮಗಳು ಚೆನ್ನಾಜಿ ಚೊಚ್ಚಲ ಬಾಣಂತಿ, ತವರಿಗೆ ಬಂದಿದ್ದಳು. ಐದು ತಿಂಗಳು ತವರಲ್ಲಿರುವುದು ಪದ್ಧತಿ. ಆದರೆ ಮಗು ನೋಡಲು ಬಂದ ಬೀಗಿತ್ತಿ ನಾಗಮಲ್ಲಮ್ಮ ರಾತ್ರಿ ಬಚ್ಚಲಿಗೆ ಹೋಗುವಾಗ ಹೊಸ್ತಿಲು ಎಡವಿ ಬಿದ್ದಳು. ಟ್ಯೂಬ್‌ಲೈಟ್ ಹಾಕಿದರೆ ಮಗು ಎದ್ದು ಅಳುತ್ತದೆ. ಹಾಕದಿದ್ದರೆ ಹೆಜ್ಜೆ ಕಾಣುವುದಿಲ್ಲ.

"ಸೋಮವಾರ ಮತ್ತೆ ಬರ್ತೀನಿ," ಅಂದಳು ಬೀಗಿತ್ತಿ, ಸೊಂಟ ಹಿಡಿದುಕೊಂಡು. "ಆಗಲೂ ಮನೆ ಹೀಗೇ ಇದ್ದರೆ, ಸೊಸೇನೂ ಮಗೂನೂ ಸಂಜೆ ಬಸ್ಸಿಗೆ ಕರ್ಕೊಂಡು ಹೋಗ್ತೀನಿ!"

ದೊಡ್ಡತಾಯಮ್ಮ ತಕ್ಷಣ ಮಗನನ್ನು ಕರೆದಳು.

"ಲೇ ಗುರುಮಲ್ಲ, ರಾಚಪ್ಪನ ಅಂಗಡಿಗೆ ಹೋಗು. ಪ್ಲಗ್ಗಿಗೆ ಸಿಕ್ಕಿಸೋ ಜೀರೋ ದೀಪ ತಾ. ಜಾಸ್ತಿ ಬೆಳಕು ಬೇಡ. ಎಷ್ಟು ಕಡಿಮೆಯೋ ಅಷ್ಟು ಒಳ್ಳೇದು. ತಿಳೀತಾ?"

"ತಿಳೀತವ್ವ!"

ಹೋದ. ರಾಚಪ್ಪ ಬಿಳಿ ದೀಪ ತೋರಿಸಿದ.

"ಇನ್ನೂ ಕಡಿಮೆ!"

ಹಳದಿ ತೋರಿಸಿದ.

"ಇನ್ನೂ ಕಡಿಮೆ!"

ಹಸಿರು ತೋರಿಸಿದ. ಮಿಣುಕು ಬೆಳಕು.

"ಇದಕ್ಕಿಂತ ಕಡಿಮೆ ಇಲ್ವಾ? ಆ ಡಬ್ಬದಲ್ಲಿರೋದು?"

"ಅದು ಸುಟ್ಟುಹೋಗಿದೆ ಕಣಪ್ಪ. ಉರಿಯೋದೇ ಇಲ್ಲ!"

"ಹಾಗಾದ್ರೆ ಅದೇ ಕೊಡಿ!"

ಕುಣಿಯುತ್ತ ಮನೆಗೆ ಬಂದ. "ಅವ್ವಾ, ಇಡೀ ಅಂಗಡೀಲಿ ಇದಕ್ಕಿಂತ ಕಡಿಮೆ ಬೆಳಕಿನದು ಇಲ್ಲವೇ ಇಲ್ಲ!"

ಸಿಕ್ಕಿಸಿದಳು. ಉರಿಯಲಿಲ್ಲ. ತಲೆ ಚಚ್ಚಿಕೊಂಡಳು.

"ಅಯ್ಯೋ ಪೆದ್ದಪ್ಪ! ಉರಿಯೋದನ್ನ ಕಣ್ಣಾರೆ ನೋಡಿ, ಉರೀತಿರೋದನ್ನೇ ತರಬೇಕು ಕಣೋ! ತಿಳೀತಾ?"

"ತಿಳೀತವ್ವ!"

ಮತ್ತೆ ಹೋದ. ರಾಚಪ್ಪ ಹಸಿರು ದೀಪ ಸಿಕ್ಕಿಸಿದ. ಉರಿಯಿತು. ಕಿತ್ತು ಕೊಟ್ಟ. ಆರಿತು.

"ಇದು ಬೇಡ. ಆರಿಹೋಯ್ತು!"

"ಪ್ಲಗ್ಗಿಂದ ಕಿತ್ತರೆ ಆರದೆ ಏನಾಗುತ್ತಪ್ಪಾ?"

"ಕೀಳಬೇಡಿ. ಅವ್ವ ಉರೀತಿರೋದನ್ನೇ ತಾ ಅಂದಿದ್ದಾಳೆ!"

ರಾಚಪ್ಪ ಬೇರೆ ಗಿರಾಕಿಯ ಕಡೆ ತಿರುಗಿದ. ಅಷ್ಟೇ ಸಾಕಾಯಿತು. ಅಂಗಡಿಯ ಉದ್ದ ವೈರಿನ ಪ್ಲಗ್ ಬೋರ್ಡಿಗೆ ದೀಪ ಸಿಕ್ಕಿಸಿ, ಬೋರ್ಡನ್ನೇ ಎತ್ತಿಕೊಂಡು ಗುರುಮಲ್ಲ ಹೊರಟ. ಮೆಟ್ಟಿಲು ಇಳಿದ. ಚರಂಡಿ ದಾಟಿದ. ಹೂವಿನವಳ ಬುಟ್ಟಿಯ ತನಕ ಬಂದ. ವೈರು ಮುಗಿಯಿತು. ಅಲ್ಲೇ ನಿಂತ. ದೀಪ ಉರಿಯುತ್ತಿತ್ತು.

ಮಗ ಬರಲಿಲ್ಲವಲ್ಲ ಅಂತ ದೊಡ್ಡತಾಯಮ್ಮನೇ ಹುಡುಕಿಕೊಂಡು ಬಂದಳು.

"ಇಲ್ಯಾಕೋ ನಿಂತಿದ್ದೀಯ?"

"ಮನೇನ ಇನ್ನೊಂಚೂರು ಈಚೆ ತಂದ್ರೆ ಸರಿಹೋಗುತ್ತವ್ವ!"

ಹೂವಿನವಳು ಬಿದ್ದು ಬಿದ್ದು ನಕ್ಕಳು. ದೊಡ್ಡತಾಯಮ್ಮ ಮಗನ ಕಿವಿ ಹಿಡಿದು ಅಂಗಡಿಗೆ ನಡೆದಳು.

"ರಾಚಪ್ಪಾ, ಇವನು ಮುಟ್ಟೋದೇ ಬೇಕಾಗದಂಥ ದೀಪ ಇದ್ದರೆ ಕೊಡು."

"ಇದೆ ತಾಯಿ. ಇದನ್ನ ಒಂದು ಸಲ ಸಿಕ್ಕಿಸಿಬಿಡಿ. ಕತ್ತಲಾದರೆ ತಾನೇ ಹತ್ತುತ್ತೆ. ಬೆಳಕು ಬಿದ್ದರೆ ತಾನೇ ಆರುತ್ತೆ. ಸ್ವಿಚ್ಚಿನ ಗೋಜೇ ಇಲ್ಲ."

ಇವನಿಗಿಂತ ದೀಪಕ್ಕೇ ಬುದ್ಧಿ ಜಾಸ್ತಿ ಅಂದುಕೊಂಡು ಅದನ್ನೇ ತಂದಳು. ಬಚ್ಚಲ ದಾರಿಯಲ್ಲಿ ತಾನೇ ಸಿಕ್ಕಿಸಿದಳು. ಹೊತ್ತು ಮುಳುಗಿತು.

"ಗುರುಮಲ್ಲ, ದೀಪ ಹತ್ತಿದೆಯಾ ನೋಡ್ಕೊಂಡು ಬಾ. ಎಡವೀಯ, ಟಾರ್ಚ್ ತಗೊಂಡು ಹೋಗು."

ಹೋದ. ದೀಪದ ಮೂತಿಗೇ ಟಾರ್ಚ್ ಬಿಟ್ಟು ನೋಡಿದ.

"ಇಲ್ಲವ್ವ, ಹತ್ತಿಲ್ಲ!"

"ಸರಿಯಾಗಿ ನೋಡೋ!"

ಇನ್ನೂ ಹತ್ತಿರ ಹೋಗಿ ಟಾರ್ಚ್ ಬಿಟ್ಟ.

"ಇಲ್ಲವೇ ಇಲ್ಲವ್ವ! ದೂರದಿಂದ ಹತ್ತಿದ ಹಾಗೆ ಕಾಣುತ್ತೆ. ಹತ್ತಿರ ಹೋದ್ರೆ ನಾಚ್ಕೊಳ್ಳುತ್ತೆ!"

ದೊಡ್ಡತಾಯಮ್ಮ ಎದ್ದು ಬಂದಳು. ಟಾರ್ಚ್ ಕಿತ್ತುಕೊಂಡಳು. ದೀಪ ಹತ್ತಿತು.

"ದಡ್ಡ ಮುಂಡೇದೆ! ಅದರ ಮೇಲೆ ಬೆಳಕು ಬೀಳಬಾರದು ಕಣೋ. ಬಿದ್ದರೆ ಆರುತ್ತೆ. ಬೀಗಿತ್ತಿ ಬಂದಾಗ ಈ ದೀಪ ಉರೀತಿರಬೇಕು. ಇಲ್ಲಾಂದ್ರೆ ನಿನ್ನ ತಂಗೀನ ಕರ್ಕೊಂಡು ಹೋಗ್ತಾರೆ. ತಿಳೀತಾ?"

"ತಿಳೀತವ್ವ!"

ಸೋಮವಾರ ಬಂತು. ದೊಡ್ಡತಾಯಮ್ಮ ರಾಗಿ ಬೀಸಿಸಲು ಗಿರಣಿಗೆ ಹೋದಳು. ಅಲ್ಲಿ ಉದ್ದ ಸಾಲಿತ್ತು, ಕಾದು ಕೂತಳು. ಬೀಗಿತ್ತಿ ಮಧ್ಯಾಹ್ನದ ಬಸ್ಸಿಗೇ ಬಂದಿಳಿದಳು. ಬೀದಿಯ ತುದಿಯಲ್ಲಿ ಅವಳ ಕೆಂಪು ಸೀರೆ ಕಂಡದ್ದೇ ತಡ, ಗುರುಮಲ್ಲ ದೀಪದ ಹತ್ತಿರ ಓಡಿದ. ದೀಪ ಆರಿತ್ತು! ಆರದೆ ಏನು? ಮನೆ ತುಂಬ ಬಿಸಿಲು.

ಕಿಟಕಿ ಮುಚ್ಚಿದ. ಸಂದಿಗೆ ಗೋಣಿಚೀಲ ತುರುಕಿದ. ಅಟ್ಟ ಹತ್ತಿ ಗಾಜಿನ ಹೆಂಚಿಗೆ ಕಂಬಳಿ ಕಟ್ಟಿದ. ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿ ಒರಳುಕಲ್ಲು ಒತ್ತಿಟ್ಟ. ಮುಂಬಾಗಿಲಿಗೂ ಅಗುಳಿ ಜಡಿದು ಅದಕ್ಕೇ ಬೆನ್ನು ಕೊಟ್ಟು ಕೂತ. ದೀಪ ಹತ್ತಿತು.

ಬಾಗಿಲು ಬಡಿದ ಸದ್ದು.

"ಯಾರು?"

"ನಾನು ಕಣಪ್ಪ, ನಾಗಮಲ್ಲಮ್ಮ. ಬಾಗಿಲು ತೆಗಿ."

"ಬನ್ನಿ ಅತ್ತೆ, ಬನ್ನಿ! ದೀಪ ಉರೀತಿದೆ!"

"ಬರೋದು ಹೇಗೆ? ಬಾಗಿಲು ತೆಗಿ!"

"ತೆಗೆದ್ರೆ ಆರುತ್ತೆ ಅತ್ತೆ!"

ಒಳಗಿಂದ ಚೆನ್ನಾಜಿ ಕೂಗಿದಳು, "ಅಣ್ಣಾ, ನಮ್ಮತ್ತೆ ಕಣೋ! ತೆಗಿಯೋ!"

"ಸುಮ್ಮನಿರು. ತೆಗೆದ್ರೆ ನಿನ್ನ ಕರ್ಕೊಂಡು ಹೋಗ್ತಾರೆ!"

ಬೀಗಿತ್ತಿ ಬೈದಳು. ಬಾಗಿಲು ಗುದ್ದಿದಳು. ಸುಸ್ತಾಗಿ ಜಗಲಿಯ ಮೇಲೆ ಕೂತಳು. ಪಕ್ಕದ ಮನೆಯವಳು ಮಜ್ಜಿಗೆ ತಂದುಕೊಟ್ಟು ತಾನೂ ಕೂತಳು. ಹಿಟ್ಟು ಹೊತ್ತು ಬಂದ ದೊಡ್ಡತಾಯಮ್ಮ ಬೀಗಿತ್ತಿಯ ಮುಖ ನೋಡಿದಳು, ಮುಚ್ಚಿದ ಬಾಗಿಲು ನೋಡಿದಳು. ಹಿಟ್ಟು ಇಳಿಸಿ ಬಾಗಿಲು ಬಡಿದಳು.

"ಲೇ, ನಾನು ಕಣೋ, ನಿಮ್ಮವ್ವ! ತೆಗಿ!"

"ನೀನೇ ಹೇಳಿದ್ದಲ್ವೇನವ್ವ, ಬೆಳಕು ಬೀಳಬಾರದು ಅಂತ!"

ಅವಳೂ ಕೂತಳು. ಸಂಜೆ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಬೀಗಿತ್ತಿ ಅದು ಹೋದ ದಿಕ್ಕನ್ನೇ ನೋಡಿದಳು.

ಹೊತ್ತು ಮುಳುಗಿತು. ಬೀದಿ ಕಪ್ಪಾಯಿತು. ಆಗ ಅಗುಳಿ ತೆಗೆದ ಸದ್ದು.

"ಈಗ ಬನ್ನಿ!"

ಕೂತು ಕೂತು ಬೀಗಿತ್ತಿಗೆ ಅವಸರವಾಗಿತ್ತು. ಯಾರನ್ನೂ ನೋಡದೆ ಬಚ್ಚಲಿಗೆ ನಡೆದಳು. ದೀಪ ಉರಿಯುತ್ತಿತ್ತು. ಹೊಸ್ತಿಲು ಕಂಡಿತು, ದಾಟಿದಳು. ಮಗು ಏಳಲಿಲ್ಲ. ವಾಪಸ್ ಬಂದು ಕೂತು ದೊಡ್ಡತಾಯಮ್ಮನನ್ನು ನೋಡಿದಳು.

"ದೀಪ ಚೆನ್ನಾಗಿದೆ. ಸೊಸೆ, ಮಗು ಐದು ತಿಂಗಳೂ ಇಲ್ಲೇ ಇರಲಿ. ಆದರೆ ಒಂದು ಮಾತು. ನಿಮ್ಮ ಮಗ ಇನ್ನು ಬಾಗಿಲ ಹತ್ತಿರ ಸುಳೀಬಾರದು. ಸುಳಿದರೆ ಅವತ್ತೇ ಕರ್ಕೊಂಡು ಹೋಗ್ತೀನಿ."

ದೊಡ್ಡತಾಯಮ್ಮ ಮಗನ ಗಲ್ಲ ಹಿಡಿದು ಹೇಳಿದಳು. "ಕೇಳಿಸ್ತಾ? ಮುಂಬಾಗಿಲಾಗಲಿ, ಹಿತ್ತಿಲ ಬಾಗಿಲಾಗಲಿ, ನೀನು ಹತ್ತಿರ ಹೋಗಕೂಡದು! ತಿಳೀತಾ?"

"ತಿಳೀತವ್ವ!"

ಮರುದಿನ ಬೆಳಗಾಗುತ್ತಲೇ ಅವಳು ಮಗನಿಗೆ ಚೊಂಬು ಕೊಟ್ಟಳು. "ಬೀಗಿತ್ತಿಗೆ ಕಾಫಿ ಮಾಡಬೇಕು, ಹಾಲು ತಾ." ಒಲೆ ಹಚ್ಚಿ ತಿರುಗಿದರೆ, ಹಾಲು ತಂದು ಪಕ್ಕದಲ್ಲೇ ನಿಂತಿದ್ದ. ಒಂದು ತೊಟ್ಟೂ ಚೆಲ್ಲಿರಲಿಲ್ಲ. ಮುಂಬಾಗಿಲ ಅಗುಳಿ ಹಾಕಿದ ಹಾಗೇ ಇತ್ತು. ಹಿತ್ತಿಲ ಬಾಗಿಲದೂ ಹಾಗೇ ಇತ್ತು.

"ಎಲ್ಲಿಂದ ಹೋದೆಯೋ?"

ಗುರುಮಲ್ಲ ಬೆರಳು ಮೇಲೆ ಮಾಡಿದ. ಸೂರಿನಿಂದ ಬಿಸಿಲು ಒಳಗೆ ಸುರಿಯುತ್ತಿತ್ತು. ತೆಗೆದ ಹೆಂಚನ್ನು ಒಂದೂ ಒಡೆಯದ ಹಾಗೆ ಅಟ್ಟದ ಮೇಲೆ ಪೇರಿಸಿಟ್ಟಿದ್ದ.

ಹದಿನಾಲ್ಕು ಹೆಂಚು.