ಹವಳದ ತೊಟ್ಟಿಗೆ ಬಂದ ಹುಳ

ಸಮುದ್ರದ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿಗೆ ಬಂದವರಿಗೆ ಗುರುಗಳು ಮಂತ್ರ ಕೊಡುತ್ತಿರಲಿಲ್ಲ. ನೋಡಿಕೊಳ್ಳಲು ಒಂದು ಜೀವ ಕೊಡುತ್ತಿದ್ದರು. ಒಬ್ಬನಿಗೆ ಹಸು, ಒಬ್ಬನಿಗೆ ಬಾಳೆತೋಟ, ಇನ್ನೊಬ್ಬನಿಗೆ ಬಾಯಿ ಮುಚ್ಚದ ಒಬ್ಬ ಮುದುಕ.

ಅಡಿವೆಪ್ಪನ ಪಾಲಿಗೆ ಬಂದದ್ದು ಹವಳದ ತೊಟ್ಟಿ. ಸುತ್ತ ಗಾಜು, ಒಳಗೆ ಸಮುದ್ರದ ನೀರು, ನೀರಿನಲ್ಲಿ ಕಲ್ಲು, ಕಲ್ಲಿನ ಮೇಲೆ ಹವಳ, ನಡುವೆ ಒಂದಿಷ್ಟು ಮೀನು.

ಅಡಿವೆಪ್ಪ ಬಯಲುಸೀಮೆಯವನು. ಗರಡಿಯಲ್ಲಿ ಬೆಳೆದ ಪೈಲ್ವಾನ. ಬೆದರಿದ ಎಮ್ಮೆಯನ್ನು ಕೊಂಬು ಹಿಡಿದು ನಿಲ್ಲಿಸಿದ ಆಸಾಮಿ. ಅಂಥವನು ಒಂದು ಬೆಳಿಗ್ಗೆ ಹೆದರಿ ಗುರುಗಳ ಮುಂದೆ ಓಡಿ ಬಂದು ನಿಂತ.

“ಗುರುಗಳ, ತೊಟ್ಯಾಗ ಏನೋ ಐತ್ರಿ.”

“ಏನಿದೆ?”

“ಗೊತ್ತಿಲ್ರಿ. ಮೊನ್ನೆ ನೀಲಿ ಮೀನ ಕಾಣವಲ್ದಾತು. ಇವತ್ತ ಕಿತ್ತಳೆ ಜೋಡಿಯೊಳಗ ಹೆಣ್ಣಿಲ್ಲ. ಗಂಡೊಂದ ತತ್ತಿ ಕಾಯಕೋತ ಕುಂತೈತಿ.”

ಗುರುಗಳು ಎದ್ದು ಬಂದರು.

ತೊಟ್ಟಿಯ ನಡುವಿನ ಕಲ್ಲಿಗೆ ಕಿತ್ತಳೆ ಬಣ್ಣದ ತತ್ತಿಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು. ಅರ್ಧ ಹೆಬ್ಬೆರಳಿನಷ್ಟಿದ್ದ ಗಂಡು ಮೀನು ರೆಕ್ಕೆ ಆಡಿಸಿ ಅವಕ್ಕೆ ಗಾಳಿ ಹಾಕುತ್ತಿತ್ತು. ಅದು ಆಚೀಚೆ ಹೋಗಲೇ ಇಲ್ಲ. ಹೋದರೆ ತತ್ತಿಗಳು ಕೊಳೆಯುತ್ತವೆ.

ಮೂಲೆಯಲ್ಲಿ ಮೀನಿನ ಮುಳ್ಳು ಬಿದ್ದಿತ್ತು. ಅದನ್ನು ಸುತ್ತಿಕೊಂಡು, ಮೈತುಂಬ ಬಿಳಿ ಕೂದಲಿನ ಒಂದು ಹುಳ ಮೇಯುತ್ತಿತ್ತು.

“ಸಿಕ್ಕ ನೋಡ್ರಿ ಕಳ್ಳ!” ಎಂದು ಅಡಿವೆಪ್ಪ ನೀರಿಗೆ ಕೈ ಹಾಕಿದ. ಹಾಕಿದಷ್ಟೇ ಬೇಗ ಚೀರುತ್ತ ತೆಗೆದ. ಬೆರಳ ತುಂಬ ಹುಳದ ಕೂದಲುಗಳು ಸಣ್ಣ ಬಿಳಿ ಮುಳ್ಳುಗಳಂತೆ ನಾಟಿದ್ದವು.

ಗುರುಗಳು ಜೇನುಮೇಣ ಒತ್ತಿ ಮುಳ್ಳು ಕೀಳತೊಡಗಿದರು.

“ಅದು ಕಸ ಗುಡಿಸೋ ಹುಳ. ಸತ್ತದ್ದನ್ನು ತಿನ್ನುತ್ತೆ, ಕೊಲ್ಲೋದಿಲ್ಲ. ಹೆಣದ ಹತ್ತಿರ ಸಿಕ್ಕಿದವರೆಲ್ಲ ಕೊಲೆಗಾರರಾದರೆ, ಮೊದಲು ಚಟ್ಟ ಹೊರುವವರನ್ನು ಹಿಡಿಯಬೇಕಾಗುತ್ತೆ.”

“ಹಂಗಾರ ಕೊಂದಾವ ಯಾರ್ರಿ?”

“ನೋಡು. ನೋಡಿ ನನಗೂ ಹೇಳು.”

ಕೊಲ್ಲುವುದು ಯಾವುದೇ ಇರಲಿ, ಕತ್ತಲೆಯಿಲ್ಲದೆ ಹೊರಗೆ ಬರುವುದಿಲ್ಲ ಎಂದು ಗುರುಗಳು ಹಾಡಹಗಲೇ ತೊಟ್ಟಿಯ ಮೇಲೆ ಕರಿಕಂಬಳಿ ಹೊದಿಸಿದರು. ಅಡಿವೆಪ್ಪನನ್ನೂ ಅದರೊಳಗೆ ಕೂರಿಸಿದರು. ಕೈಗೆ ಒಂದು ಟಾರ್ಚ್ ಕೊಟ್ಟರು. ಅದರ ಮುಖಕ್ಕೆ ಕೆಂಪು ಬಟ್ಟೆ ಕಟ್ಟಿತ್ತು.

“ಕೆಂಪು ಬೆಳಕು ಅದಕ್ಕೆ ಅಷ್ಟಾಗಿ ತಿಳಿಯೋದಿಲ್ಲ.”

ಕಂಬಳಿಯಾಚೆ ಯಾರೋ ಪಾತ್ರೆ ತೊಳೆಯುತ್ತಿದ್ದರು, ಕಾಗೆ ಕೂಗುತ್ತಿತ್ತು. ಒಳಗೆ ಅಡಿವೆಪ್ಪನಿಗೆ ತನ್ನ ಉಸಿರೇ ಜೋರಾಗಿ ಕೇಳಿಸುತ್ತಿತ್ತು. ಆಮೇಲೆ ನಡುವಿನ ಕಲ್ಲಿನ ತೂತೊಂದರಲ್ಲಿ ಏನೋ ಹೊರಳಿತು.

ಪೈಲ್ವಾನ ಕಂಬಳಿಯನ್ನೂ ಎಳೆದುಕೊಂಡು ಅಂಗಳಕ್ಕೆ ಓಡಿ ಬಂದ.

“ಕಂಡಿತಾ?”

“ಕಂಡಿತ್ರಿ! ತೋಳಿನಷ್ಟ ಉದ್ದ! ಬಾಯಿ ಅಂದ್ರ ಅಡಕತ್ತರಿ ನೋಡ್ರಿ!”

“ತಲೆಯ ಮೇಲೆ ಮೀಸೆ ಎಷ್ಟು?”

“ಮೀಸಿ ಯಾರ ನೋಡ್ತಾರ್ರಿ?”

“ಈಗ ಹೇಳಿದ್ದು ನಿನ್ನ ಹೆದರಿಕೆಯ ಗುರುತು. ನನಗೆ ಹುಳದ ಗುರುತು ಬೇಕು. ಹೋಗು.”

ಅವನು ಮತ್ತೆ ಹೋದ. ಹೋಗುವಾಗ ಕಾಲು ಹಿಂದಕ್ಕೇ ಬರುತ್ತಿತ್ತು. ಬಹಳ ಹೊತ್ತಿನ ಮೇಲೆ ಹೊರಗೆ ಬಂದ. ಈ ಸಲ ಓಡಲಿಲ್ಲ. ಮುಖದಲ್ಲಿ ರಕ್ತವಿರಲಿಲ್ಲ.

“ಐದು ಮೀಸಿ ಅದಾವ್ರಿ. ಮೈ ಎಣ್ಣಿ ಬಿದ್ದ ನೀರಿನಾಂಗ ಬಣ್ಣಬಣ್ಣ ಹೊಳೀತೈತಿ. ಒಂದು ಗೇಣು ಹೊರಗ ಬರತೈತಿ. ಉಳಿದದ್ದೆಲ್ಲ ಕಲ್ಲೊಳಗ.”

ಗುರುಗಳ ಮುಖದ ನಗು ಹೋಯಿತು.

“ಐದೇ ಅಂತ ಖಾತ್ರಿಯಾ?”

“ಐದ್ರಿ.”

“ಐದು ಮೀಸೆಯದೇ ಕೊಲ್ಲೋದು. ಆ ಕಲ್ಲು ಎಲ್ಲಿಂದ ಬಂತು?”

ಅಡಿವೆಪ್ಪ ನೆಲ ನೋಡಿದ. ಹೊಸ ಕಲ್ಲು ಯಾವುದೇ ಬರಲಿ, ಒಂದು ತಿಂಗಳು ಬೇರೆ ಬಾನಿಯಲ್ಲಿಟ್ಟು, ಒಳಗೆ ಯಾರಿದ್ದಾರೆ ಎಂದು ನೋಡಿಯೇ ತೊಟ್ಟಿಗೆ ಇಳಿಸಬೇಕು. ಅದು ಆಶ್ರಮದ ನಿಯಮ. ಭಾರಿ ಉಬ್ಬರವಾದ ಮರುದಿನ ಅವನಿಗೆ ದಂಡೆಯ ಬಂಡೆಗಳ ನಡುವೆ ನೇರಳೆ ಬಣ್ಣದ ಈ ಕಲ್ಲು ಸಿಕ್ಕಿತ್ತು. ಚಂದ ಕಂಡಿತೆಂದು ಅಂದೇ ತಂದು ಇಟ್ಟುಬಿಟ್ಟಿದ್ದ. ಈಗ ಅವನಿಗೆ ಹುಳದ ಹೆದರಿಕೆಗಿಂತ ಗುರುಗಳ ಹೆದರಿಕೆಯೇ ಹೆಚ್ಚಾಯಿತು. ಆದರೂ ಹೇಳಿದ.

ಗುರುಗಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

“ಆ ಕಲ್ಲ ಹೊರಗ ತಗೀಲೇನ್ರಿ?”

“ತೆಗಿ. ತತ್ತಿ ಯಾವ ಕಲ್ಲಿನ ಮೇಲಿದೆ?”

ತತ್ತಿ ಅದೇ ಕಲ್ಲಿನ ಮೇಲಿತ್ತು. ಹೊರಗೆ ತೆಗೆದರೆ ಒಣಗಿ ಸಾಯುತ್ತಿತ್ತು, ಬಾನಿಯ ನೀರಿಗೆ ಹಾಕಿದರೆ ಗಾಳಿ ಹಾಕಲು ಅಪ್ಪನಿರುತ್ತಿರಲಿಲ್ಲ. ಒಳಗೇ ಬಿಟ್ಟರೆ ಅಪ್ಪನ ಸರದಿ ಬರುತ್ತಿತ್ತು, ಅಪ್ಪ ಹೋದರೆ ತತ್ತಿಗಳೂ ಹೋದಂತೆಯೇ.

ಮಧ್ಯಾಹ್ನ ಗುರುಗಳು ಊಟಕ್ಕೆ ಹೋಗಿದ್ದರು. ಕಲ್ಲಿನ ಹಿಂಬದಿಯ ನೆರಳಿನಲ್ಲಿದ್ದ ಇನ್ನೊಂದು ತೂತಿನಿಂದ ಹೊಳೆಯುವ ಮೈ ಒಂದಿಷ್ಟು ಹೊರಗೆ ಇಣುಕಿದ್ದು ಅಡಿವೆಪ್ಪನ ಕಣ್ಣಿಗೆ ಬಿತ್ತು. ಅವನು ಯೋಚಿಸಲಿಲ್ಲ. ಗರಡಿಯಲ್ಲಿ ಯೋಚಿಸಿದವನು ಬೆನ್ನ ಮೇಲೆ ಬೀಳುತ್ತಾನೆ. ಇಕ್ಕಳದಲ್ಲಿ ಹಿಡಿದು ಮೈಯೆಲ್ಲ ಬಲ ಹಾಕಿ ಎಳೆದ.

ಕೈಗೆ ಬಂತು. ಎಲೆಯ ಮೇಲಿಟ್ಟುಕೊಂಡು ಓಡಿದ.

“ಮುಗೀತ್ರಿ ಗುರುಗಳ! ಕಿತ್ತ ಒಗದೆ!”

ಗುರುಗಳು ಎಲೆಯ ಮೇಲೆ ಮಿಸುಕಾಡುತ್ತಿದ್ದ ತುಂಡನ್ನು ತಿರುಗಿಸಿ ನೋಡಿದರು.

“ಇದರಲ್ಲಿ ಬಾಯಿ ಎಲ್ಲಿದೆ?”

ಅಡಿವೆಪ್ಪ ಬಗ್ಗಿ ನೋಡಿದ. ಎರಡು ಸಲ ನೋಡಿದ.

“ಇಲ್ರಿ.”

“ಹಾಗಾದರೆ ಒಳಗೆ ಉಳಿದಿರೋದು ಬಾಯಿ. ಬಾಲ ಮತ್ತೆ ಬೆಳೆಯುತ್ತೆ. ಬೆಳೆಯೋಕೆ ಅದಕ್ಕೆ ಊಟ ಬೇಕು.”

ಆ ದಿನ ಅವನು ಊಟ ಮಾಡಲಿಲ್ಲ. ಗಾಜಿಗೆ ಹಣೆ ಹಚ್ಚಿ ಕೂತ. ಗಂಡು ಮೀನು ತೂತಿನ ಮುಂದೆಯೇ ಸುಳಿದು ತತ್ತಿಗೆ ಗಾಳಿ ಹಾಕುತ್ತಿತ್ತು. ಅದು ತೂತಿನ ಹತ್ತಿರ ಬಂದಾಗಲೆಲ್ಲ ಅವನು ಬೆರಳಿನಿಂದ ಗಾಜು ತಟ್ಟುತ್ತಿದ್ದ. ಗುರುಗಳು ಬಂದು ಪಕ್ಕದಲ್ಲಿ ಕೂತಾಗ ಆ ದೊಡ್ಡ ಗಂಡಸು ಅತ್ತುಬಿಟ್ಟ.

“ನೀವ ಹಿಡೀರಿ. ನನ್ನ ಕೈಲಿ ಆಗೂದಿಲ್ರಿ.”

ಗುರುಗಳು ತಮ್ಮ ಬಲಗೈ ಚಾಚಿ ತೋರಿಸಿದರು. ವಯಸ್ಸಾದ ಕೈ, ನಿಲ್ಲದೆ ಅದುರುತ್ತಿತ್ತು.

“ಇದಕ್ಕೆ ಹಿಡಿತವಿಲ್ಲ. ನಿನ್ನದಕ್ಕೆ ಇದೆ.”

ಇಕ್ಕಳದಲ್ಲಿ ಹಿಡಿದರೆ ತುಂಡಾಗುತ್ತದೆ ಎಂದು ಅಡಿವೆಪ್ಪನ ಕೈಗೆ ಒದ್ದೆ ಅರಿವೆ ಸುತ್ತಿದರು. ದಾರಕ್ಕೆ ಸಿಗಡಿಯ ಚೂರು ಕಟ್ಟಿ ತೂತಿನ ಮುಂದೆ ಇಳಿಬಿಟ್ಟರು. ಕಂಬಳಿ ಎಳೆದರು. ಈ ಸಲ ಇಬ್ಬರೂ ಒಳಗೆ ಕೂತರು.

“ತಲೆಯ ಹಿಂದೆ ಹಿಡಿ. ಹಿಡಿದ ಮೇಲೆ ಎಳೀಬೇಡ.”

“ಎಳೀಲಾರದ ಹ್ಯಾಂಗ ಬರತೈತ್ರಿ?”

“ಬಿಡಲೂ ಬೇಡ.”

ಅಡಿವೆಪ್ಪ ನೀರಿನಲ್ಲಿ ಕೈಯಿಟ್ಟು ಕಾದ. ಕೆಂಪು ಬೆಳಕಿನಲ್ಲಿ ತೂತು ಕಪ್ಪಗಿತ್ತು. ಆಮೇಲೆ ಅದರ ಅಂಚಿನಲ್ಲಿ ಮೀಸೆಗಳು ಮೂಡಿದವು. ಐದು. ಸಿಗಡಿಯನ್ನು ತಡವಿ ನೋಡಿದವು. ಅದರ ಹಿಂದೆ ಬಾಯಿ ತೆರೆಯಿತು.

ಅವನು ಹಿಡಿದ.

ಹುಳ ಒಳಕ್ಕೆ ಜಗ್ಗಿತು. ಅಷ್ಟು ಸಣ್ಣ ಮೈಗೆ ಅಷ್ಟು ಬಲವಿರುತ್ತದೆ ಎಂದು ಅವನು ಎಣಿಸಿರಲಿಲ್ಲ. ತೋಳು ತಾನಾಗಿಯೇ ಹಿಂದಕ್ಕೆ ಹೊರಟಿತು. ಹಲ್ಲು ಕಚ್ಚಿ ನಿಲ್ಲಿಸಿದ. ಮರುಕ್ಷಣ ಕೈ ಬಿಚ್ಚಿ ಓಡಿಬಿಡುವಷ್ಟು ಭಯವಾಯಿತು. ಅದನ್ನೂ ನಿಲ್ಲಿಸಿದ.

“ಗುರುಗಳ, ಕಚ್ಚಾಕತ್ತೈತ್ರಿ!”

“ಹುಳವಾ?”

“ಅಲ್ರಿ, ಮೀನ! ಮಣಿಕಟ್ಟಿಗೆ ಕಚ್ಚಾಕತ್ತೈತಿ!”

“ನೀನು ತತ್ತಿ ಕದಿಯೋಕೆ ಬಂದೆ ಅಂದುಕೊಂಡಿದೆ. ಕಚ್ಚಲಿ.”

ಹೊತ್ತು ಹೋಯಿತು. ಕಂಬಳಿಯೊಳಗೆ ಸೆಖೆ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಭುಜ ಮರಗಟ್ಟಿತು. ಅಂಗೈಯಲ್ಲಿ ಆ ಮೈ ಬಿಗಿಯುವುದು, ಮತ್ತೆ ಬಿಗಿಯುವುದು. ಎಳೆದುಬಿಡೋಣ ಎಂದು ಎಷ್ಟು ಸಲ ಅನಿಸಿತೋ, ಬಿಟ್ಟುಬಿಡೋಣ ಎಂದೂ ಅಷ್ಟೇ ಸಲ ಅನಿಸಿತು.

“ಗುರುಗಳ, ಇದು ಬಿಡೂ ಪೈಕಿ ಅಲ್ರಿ.”

“ಅದೂ ನಿನ್ನ ಬಗ್ಗೆ ಹಾಗೇ ಅಂದುಕೊಳ್ತಿದೆ.”

ಎಷ್ಟೋ ಹೊತ್ತಿನ ಮೇಲೆ ಒಳಗಿನ ಬಿಗಿ ಒಂದಿಷ್ಟು ಸಡಿಲಾಯಿತು. ಹುಳ ಒಂದು ಬೆರಳಿನಷ್ಟು ಹೊರಗೆ ಬಂತು. ನಿಂತಿತು. ಅಡಿವೆಪ್ಪ ಹಾಗೆಯೇ ಇದ್ದ. ಮತ್ತೊಂದಿಷ್ಟು ಬಂತು. ಕೊನೆಗೆ ಅದು ಸೋತು ಹಿಡಿತ ಬಿಟ್ಟಿತು. ಮೈಯೆಲ್ಲ ಜಾರಿ ಹೊರಬಂತು. ಬಂತು, ಬರುತ್ತಲೇ ಇತ್ತು.

ಬಕೆಟ್ಟಿಗೆ ಹಾಕಿ ಕಂಬಳಿ ಸರಿಸಿ ನೋಡಿದರು. ಬಾಲ ಕಳೆದುಕೊಂಡ ಮೇಲೂ ಅದು ಅವನ ತೋಳಿಗಿಂತ ಉದ್ದವಿತ್ತು.

“ಜಜ್ಜಿ ಹಾಕ್ಲೇನ್ರಿ?” ಅಡಿವೆಪ್ಪ ಕೇಳಿದ.

“ಆ ಕಲ್ಲು ಸಿಕ್ಕ ಜಾಗ ನೆನಪಿದೆಯಲ್ಲ? ಅಲ್ಲೇ ಬಿಟ್ಟು ಬಾ.”

“ಅಲ್ಲೂ ಮೀನ ತಿಂತೈತ್ರಿ.”

“ಅಲ್ಲಿ ಮೀನಿಗೆ ಓಡೋಕೆ ಜಾಗ ಇದೆ.”

ಅವನು ಬಕೆಟ್ಟನ್ನು ಮೈಯಿಂದ ದೂರ ಹಿಡಿದುಕೊಂಡು ದಂಡೆಗೆ ಹೋದ. ಬಂಡೆಗಳ ನಡುವೆ ಬಗ್ಗಿಸಿದ. ಹುಳ ಒಂದು ಬಿರುಕಿಗೆ ನುಗ್ಗಿ ಕಾಣೆಯಾಯಿತು.

ತಿರುಗಿ ಬಂದಾಗ ತೊಟ್ಟಿಯ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಗಂಡು ಮೀನು ರೆಕ್ಕೆ ಆಡಿಸುತ್ತಲೇ ಇತ್ತು. ಹತ್ತಿರದಿಂದ ನೋಡಿದರೆ ತತ್ತಿಗಳೊಳಗೆ ಕಣ್ಣು ಮೂಡಿದ್ದವು. ಒಂದೊಂದರಲ್ಲಿ ಎರಡು ಬೆಳ್ಳಿ ಚುಕ್ಕೆ.

ಅಡಿವೆಪ್ಪ ಸಂತೋಷ ಪಡಬೇಕೆಂದುಕೊಂಡ. ಆದರೆ ಅವನ ಕಣ್ಣು ತತ್ತಿ ಬಿಟ್ಟು ಪಕ್ಕದ ಕಲ್ಲಿಗೆ ಹೋಯಿತು. ಅದರಲ್ಲೂ ಒಂದು ತೂತಿತ್ತು. ಅದರಾಚೆಯ ಕಲ್ಲಿನಲ್ಲಿ ಇನ್ನಷ್ಟು.

“ಗುರುಗಳ,” ಎಂದ. “ಹುಳ ಹೋತು. ಅಂಜಿಕಿ ಹೋಗವಲ್ದ್ರಿ. ಒಂದೊಂದ ತೂತ ಕಂಡಾಗೂ ಎದಿ ಝಲ್ ಅಂತೈತಿ. ಇನ್ನ ಮ್ಯಾಲ ದಿನಾ ಹಿಂಗ ಅಂತ ಕಾಣಸ್ತೈತಿ. ನನ್ನ ಅಡಗಿಮನಿಗೆ ಹಾಕ್ರಿ. ಈ ತೊಟ್ಟಿ ಅಂಜಲಾರದ ಯಾರಿಗರೆ ಕೊಡ್ರಿ.”

ಗುರುಗಳು ಅವನ ಕೈಗೆ ಸುತ್ತಿದ್ದ ಅರಿವೆ ಬಿಚ್ಚಿ ಹಿಂಡಿದರು.

“ನಿನಗಿಂತ ಮುಂಚೆ ಹೆದರದವನೊಬ್ಬ ನೋಡಿಕೊಳ್ತಿದ್ದ. ಅವನು ಹೋಗುವಾಗ ತೊಟ್ಟಿಯಲ್ಲಿ ಉಳಿದಿದ್ದದ್ದು ಬರೀ ನೀರು.”